ದೊಡ್ಡ ಡಬ್ಬಿ ಅಂದ್ರ ದೊಡ್ಡ ದನಿ ಅಲ್ಲ



ಹೋದ ತಿಂಗಳ ಸಂಘದ ಮೀಟಿಂಗಿನ್ಯಾಗ ನಾನು 40,000 ರೂಪಾಯಿ ಸಾಲ ಕೇಳಿದ್ದು ನಿಮಗೆಲ್ಲಾ ಗೊತ್ತೈತಿ. ಯಾತಕ್ಕ ಅಂತ ಕೇಳಿದಾಗ, ಸಣ್ಣಾಂವಗ ಬಾಸ್ ಗಿಟಾರಿನ ಡಬ್ಬಿ ತರಬೇಕು ಅಂದೆ. ಎಲ್ಲಾರೂ ಒಂದು ಗಳಿಗಿ ಸುಮ್ಮನಾದ್ರಿ. ಆಮ್ಯಾಲೆ ಒಬ್ಬಾಕಿ ಅಂದ್ಲು, "ಯಕ್ಕಾ, ಎಮ್ಮಿ ತರಾಕ ಕೊಡ್ತೇವಿ, ಹೊಲಿಗಿ ಮಷಿನ್ನಿಗೆ ಕೊಡ್ತೇವಿ. ಧುಂ ಧುಂ ಅನ್ನೂ ಡಬ್ಬಿಗೆ ಏನಂತ ಕೊಡೂದು?" ನಕ್ಕಾಕಿ ನಮ್ಮಾಕಿನ, ಸಿಟ್ಟೇನಿಲ್ಲ. ಕೇಳೂದೂ ಬರೋಬ್ಬರಿ ಐತಿ. ನಾನು ಕಂತು ತುಂಬಲಿಲ್ಲಂದ್ರ ನೀವ ಎಲ್ಲಾರೂ ಕೂಡಿ ತುಂಬಬೇಕಾಗ್ತೈತಿ. ಅವತ್ತು ನನಗ ಬಾಯಿಗೆ ಮಾತು ಬರಲಿಲ್ಲ. ಅದಕ್ಕ ಇವತ್ತ ರೊಟ್ಟಿ ಬಡಿಯೂದು ಮುಗಿಸಿ, ಕೈ ತೊಳಕೊಂಡು ಬರಿಯಾಕ ಕುಂತೀನಿ.

ನನ್ನ ಮಾತು ಇಷ್ಟ: ಆ ಡಬ್ಬಿ ಆಟಕಿ ಅಲ್ಲ, ದುಡಿಯೂ ಸಾಮಾನು. ಆದ್ರ ಅದನ್ನ ತಗೊಳ್ಳೂ ಮುಂದ ಹುಡುಗರ ಮಾತಷ್ಟ ಕೇಳಿ ರೊಕ್ಕ ಕೊಡಬಾರದು. ನಾವು ಹೆಣ್ಣಮಕ್ಕಳೂ ಅಂಗಡಿಗೆ ಹೋಗಬೇಕು, ಕಿವಿಗೊಟ್ಟು ಕೇಳಬೇಕು, ಎತ್ತಿ ನೋಡಬೇಕು. ನಮಗ ತಿಳಿಯೂದಿಲ್ಲ ಅಂತ ಯಾರರೆ ಅಂದ್ರ ನಂಬಬ್ಯಾಡ್ರಿ. ಮೊದಲು ನಾನೂ ಹಂಗ ತಿಳಕೊಂಡು ಮನ್ಯಾಗ ಕುಂತಿದ್ದೆ, ಅದಕ್ಕ 14,000 ರೂಪಾಯಿ ಸುಟ್ಟು ಹೋತು.

ಮೊದಲ ಬಾಸ್ ಅಂದ್ರ ಏನು ಅಂತ ಹೇಳ್ತೀನಿ. ಸಾದಾ ಗಿಟಾರಿಗೆ ಆರು ತಂತಿ, ಬಾಸ್ ಗಿಟಾರಿಗೆ ನಾಕು ದಪ್ಪ ತಂತಿ. ಸಾದಾ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ನಡುಗಿದ್ರ, ಬಾಸಿನ ದಪ್ಪ ತಂತಿ 41 ಸಲ ನಡುಗ್ತೈತಿ. ಅಂದ್ರ ಬರೋಬ್ಬರಿ ಒಂದು ಸಪ್ತಕ ಕೆಳಗ. ನಮ್ಮ ರೋಣದಾಗ 1922ರಾಗ ಹುಟ್ಟಿದ ಭೀಮಸೇನ ಜೋಶಿಯವರ ಕಚೇರಿ ಟೀವ್ಯಾಗ ನೋಡೀರಲ್ಲ, ಅವರ ಹಿಂದ ತಂಬೂರಿ ಹಿಡಕೊಂಡು ಕುಂತಿರ್ತಾರ. ಆ ತಂಬೂರಿಯ ಖರ್ಜದ ತಂತಿ ಇಲ್ಲಂದ್ರ ಮ್ಯಾಲಿನ ಹಾಡಿಗೆ ನೆಲಾನ ಇರೂದಿಲ್ಲ. ಆರ್ಕೆಸ್ಟ್ರಾದಾಗ ಆ ನೆಲ ಹಾಕಿಕೊಡಾಂವ ಬಾಸ್ ಬಾರಿಸಾಂವ. ನಮ್ಮ ವಾರಿಗಿಯವರು ಶಂಕರನಾಗನ 'ಗೀತಾ' ಸಿನಿಮಾದ ಹಾಡು ರೇಡಿಯೋದಾಗ ಕೇಳಿ ಬೆಳದವರು. 1981ರ ಸಿನಿಮಾ ಅದು, ಸಂಗೀತ ಇಳಯರಾಜಾ ಅವರದ್ದು. ಆ ಹಾಡಿನ್ಯಾಗ ಹಾಡವರ ಕೆಳಗ ಇನ್ನೊಂದು ದನಿ ಓಡ್ಯಾಡ್ತಿರ್ತೈತಿ. ಅದ ಬಾಸು. ನಲವತ್ತು ವರ್ಷ ನಾನು ಅದನ್ನ ಕೇಳಿದ್ದೆ, ಗುರತ ಹಿಡಿದಿರಲಿಲ್ಲ ಅಷ್ಟ.

ಮಗ ಹಗಲು ಮೊಬೈಲ್ ಅಂಗಡ್ಯಾಗ ಕೆಲಸ ಮಾಡ್ತಾನ. ಮದುವಿ ಸೀಜನ್ನಿನ್ಯಾಗ, ಗಣಪತಿ ಹಬ್ಬದಾಗ, ಜಾತ್ರ್ಯಾಗ ಗಜೇಂದ್ರಗಡದ ಐದು ಹುಡುಗರ ಕೂಡ ಆರ್ಕೆಸ್ಟ್ರಾಕ್ಕ ಹೋಗ್ತಾನ. ಒಂದು ಪ್ರೋಗ್ರಾಮಿಗೆ 1,500 ಸಿಗ್ತೈತಿ, ಸೀಜನ್ನಿನ್ಯಾಗ ತಿಂಗಳಿಗೆ ಎಂಟು ಹತ್ತು ಆಗ್ತಾವ. ಇದು ಕೆಲಸ ಹೌದೋ ಅಲ್ಲೋ? ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಕಣ್ಣು ಕಾಣದ ಮಕ್ಕಳು ಸಂಗೀತ ಕಲತು ತಮ್ಮ ಕಾಲ ಮ್ಯಾಲೆ ನಿಂತಾರ. ಪುಟ್ಟರಾಜ ಗವಾಯಿಗಳಿಗೆ ಕೈ ಮುಗಿಯೂ ನಾವ, ನಮ್ಮ ಹುಡುಗ ಬಾರಸ್ತೀನಿ ಅಂದ್ರ "ಮೊದಲು ಒಂದು ನೌಕರಿ ನೋಡು" ಅಂತೀವಿ. ನಮ್ಮ ಮನ್ಯಾವ್ರೂ ಹಂಗ ಅಂದ್ರು. ನಾನೂ ಮೊದಲ ವರ್ಷ ಹಂಗ ಅಂದಾಕಿನ.

ಇನ್ನ ಆ 14,000 ರೂಪಾಯಿ ಕತಿ ಕೇಳ್ರಿ. ನರಗುಂದದಾಗ ನನ್ನ ತವರುಮನಿ ಕಡಿ ಮದುವಿ ಆತಲ್ಲ, ರಿಸೆಪ್ಶನ್ನಿನ್ಯಾಗ ಹಾಡು ನಡದಾಗ ಸುಟ್ಟ ವಾಸನಿ ಬಂದು ಡಬ್ಬಿ ನಿಂತಿದ್ದು ನೆನಪೈತಿಲ್ಲ? ಅದು ಮಗ ಸೆಕೆಂಡ್ ಹ್ಯಾಂಡ್ ತಂದಿದ್ದು. ಬಾಸಿನ ಸಾಮಾನಿನ್ಯಾಗ ಎರಡು ಭಾಗ ಇರ್ತಾವ. ದನಿಗೆ ಬಲ ಕೊಡೂದು ಆಂಪ್ಲಿಫೈಯರ್, ಇವರು ಅದಕ್ಕ ಹೆಡ್ ಅಂತಾರ. ಆ ಬಲ ತಗೊಂಡು ಗಾಳಿ ನಡಗಿಸೂದು ಸ್ಪೀಕರ್ ಇರೂ ಪೆಟ್ಟಿಗಿ, ಅದಕ್ಕ ಕ್ಯಾಬಿನೆಟ್ ಅಂತಾರ. ಎರಡೂ ಒಂದ ಪೆಟ್ಟಿಗ್ಯಾಗ ಇದ್ರ ಕಾಂಬೋ. ಮಗ ಹೆಡ್ ಒಂದು ಕಡಿ ತಂದ, ಪೆಟ್ಟಿಗಿ ಎರಡು ಇನ್ನೊಂದು ಕಡಿ ತಂದ. ಎರಡರ ಜೋಡಿ ಕೂಡತೈತೋ ಇಲ್ಲೋ ಯಾರೂ ನೋಡಲಿಲ್ಲ.

ಪೆಟ್ಟಿಗಿ ಹಿಂದ 8 ಓಮ್, 4 ಓಮ್ ಅಂತ ಬರದಿರ್ತಾರ. ನಾನು ಮೊದಲ ಓದಿದಾಗ ಓಂ ನಮಃ ಶಿವಾಯದ ಓಂ ಅನ್ಕೊಂಡೆ, ನಗಬ್ಯಾಡ್ರಿ. ಅದು ಕರೆಂಟಿಗೆ ಎಷ್ಟು ಅಡ್ಡ ನಿಂತೈತಿ ಅನ್ನೂ ಲೆಕ್ಕ. ಅಟ್ಟದ ಮ್ಯಾಲಿನ ಟ್ಯಾಂಕಿಗೆ ಒಂದು ನಳ ಬಿಟ್ರ ನೀರು ಒಂದು ನಮೂನಿ ಹೋಗ್ತೈತಿ. ಎರಡು ನಳ ಒಮ್ಮೆಗೆ ಬಿಟ್ರ ಟ್ಯಾಂಕು ಲಗೂನ ಖಾಲಿ, ಅಡ್ಡ ಕಡಿಮಿ ಆತು. ಹಂಗ 8 ಓಮಿನ ಪೆಟ್ಟಿಗಿ ಎರಡು ಹಚ್ಚಿದ್ರ ಕೂಡಿ 16 ಆಗೂದಿಲ್ಲ, 4 ಆಗ್ತೈತಿ. 4 ಓಮಿನವು ಎರಡು ಹಚ್ಚಿದ್ರ 2 ಆಗ್ತೈತಿ. ನಮ್ಮ ಹೆಡ್ಡಿನ ಹಿಂದ "4 ಓಮಿಗಿಂತ ಕಡಿಮಿ ಹಚ್ಚಬ್ಯಾಡ್ರಿ" ಅಂತ ಬರದಿತ್ತು. ಹುಡುಗರು 4ರವು ಎರಡು ಹಚ್ಚಿ, ವಾಲ್ಯೂಮ್ ಪೂರಾ ತಿರುವಿ, ಎರಡು ತಾಸು ಬಾರಿಸಿದ್ರು. ಸುಡಲಾರದ ಏನಾಗ್ತೈತಿ? ಮಾರಿದಾಂವ ಹೇಳಲಿಲ್ಲ, ನಾವು ಕೇಳಲಿಲ್ಲ. ಅವತ್ತ ರಾತ್ರಿ ಮಗ ಊಟ ಮಾಡದ ಮಲಗಿದ. ನನಗೂ ನಿದ್ದಿ ಬರಲಿಲ್ಲ. ಆ ರೊಕ್ಕದಾಗ ನನ್ನ ಕಡಕ ರೊಟ್ಟಿ ಎಷ್ಟಿದ್ದಾವು ಅಂತ ಎಣಿಸಿಕೋತ ಬಿದ್ದಿದ್ದೆ.

ಆಮ್ಯಾಲೆ ನಾನು ಹಟ ಹಿಡದೆ: ಇನ್ನ ಮ್ಯಾಲೆ ತರೂದಾದ್ರ ನಾನೂ ಬರ್ತೀನಿ. ಹುಬ್ಬಳ್ಳಿಗೆ ಹೋದ್ವಿ. ಅಂಗಡ್ಯಾಗ ನನ್ನ ನೋಡಿ ಖುರ್ಚಿ ಕೊಟ್ಟು, "ಅಮ್ಮಾರ ಕುಂಡ್ರಿ, ಚಾ ತಗೋರಿ" ಅಂದ್ರು. ಮಾತೆಲ್ಲಾ ಮಗನ ಕೂಡ. ಮಗಗ ಒಂದು ದೊಡ್ಡ ಪೆಟ್ಟಿಗಿ ಮ್ಯಾಲೆ ಕಣ್ಣು, 10 ಇಂಚಿನ ಸ್ಪೀಕರ್ ನಾಕು ಇದ್ದದ್ದು. ಅದರ ಮ್ಯಾಲೆ ಇಡೂ ಹೆಡ್ ಬ್ಯಾರೆ. ಎರಡೂ ಕೂಡಿ ನಮ್ಮ ರೊಕ್ಕದ ಎರಡು ಪಟ್ಟು. "ಅವ್ವಾ, ಕಾಲಕಾಲೇಶ್ವರನ ಜಾತ್ರ್ಯಾಗ ಸ್ಟೇಜಿನ ಮ್ಯಾಲೆ ಇದನ್ನ ಇಟ್ರ ಮಂದಿ ನೋಡಿ ಬುಕಿಂಗ್ ಕೊಡ್ತಾರ" ಅಂತ ಗೋಗರದ. ಆ ಮಾತಿನ್ಯಾಗ ಖರೇನೂ ಸ್ವಲ್ಪ ಐತಿ. ಆದ್ರೂ ನಾನು ಕೇಳಿದ್ನಿ, "ಇದರ ಒಂದು ಬದಿ ಹಿಡಿಯಪಾ, ಎತ್ತೂನು." ಎತ್ತಿದ್ವಿ, ನನ್ನ ಸೊಂಟ ಹಿಡೀತು. "ರಾತ್ರಿ ಎರಡಕ್ಕ ಪ್ರೋಗ್ರಾಮ್ ಮುಗಿಸಿ ಬಂದಾಗ ಇದನ್ನ ಟಂಟಂದಾಗಿಂದ ಇಳಿಸಾವ್ರು ಯಾರು? ನಿಮ್ಮಪ್ಪಗ ಮಣಕಾಲ ನೋವು." ಮಗ ಸುಮ್ಮನಾದ.

ಈ ಭಾರದ ಮಾತು ಹೊಸಾದಲ್ಲ. ಬಾಸ್ ಗಿಟಾರ್ ಬಂದದ್ದ ಭಾರ ತಪ್ಪಿಸಾಕ. ಮೊದಲು ಆಳೆತ್ತರದ ದೊಡ್ಡ ಪಿಟೀಲಿನಂಥಾದ್ದು ನಿಲ್ಲಿಸಿ ಬಾರಸ್ತಿದ್ರು. ಹೊರಾಕ ತ್ರಾಸು, ಗದ್ದಲದಾಗ ಕೇಳಸ್ತಿರಲಿಲ್ಲ. 1951ರಾಗ ಅಮೆರಿಕಾದ ಲಿಯೋ ಫೆಂಡರ್ ಕೊಳ್ಳಾಗ ಹಾಕ್ಕೊಂಡು ಬಾರಿಸೂ ಕರೆಂಟಿನ ಬಾಸ್ ಮಾರಾಟಕ್ಕ ತಂದ. ಮರುವರ್ಷ ಅದಕ್ಕಂತನ ಬಾಸ್‌ಮನ್ ಅನ್ನೂ ಆಂಪ್ಲಿಫೈಯರ್ ಬಂತು. ಆದ್ರ ಮೈದಾನ ದೊಡ್ಡದಾದಂಗ ಡಬ್ಬಿಗಳೂ ದೊಡ್ಡವಾದ್ವು. 1969ರಾಗ ಆಂಪೆಗ್ ಕಂಪನಿಯವರು ಎಸ್‌ವಿಟಿ ಅಂತ 300 ವ್ಯಾಟಿಂದು ತಂದ್ರು. ಅದರ ಹೆಡ್ಡ ಸುಮಾರು 38 ಕಿಲೋ, 10 ಇಂಚಿನ ಎಂಟು ಸ್ಪೀಕರ್ ಇದ್ದ ಪೆಟ್ಟಿಗಿ 60 ಕಿಲೋದ ಮ್ಯಾಲೆ. ಕಡ್ಲಿ ಚೀಲ ಹೊತ್ತಂಗ. ಸಾವಿರಾರು ಮಂದಿ ಮುಂದ ಬಾರಿಸೂ ಬ್ಯಾಂಡಿಗೆ ಮಾಡಿದ್ದು ಅದು, ಹೊರಾಕ ಆಳುಗಳಿದ್ರು. ನಮ್ಮ ಹುಡುಗರಿಗೆ ಹೊರವ್ರು ಯಾರದಾರ? ಈಗ ಹೊಸ ನಮೂನಿ ಆಂಪ್ಲಿಫೈಯರು, ಹಗುರ ಅಯಸ್ಕಾಂತದ ಸ್ಪೀಕರು ಬಂದಾವ. 100 ವ್ಯಾಟಿನ ಕಾಂಬೋ 10 ಕಿಲೋ ಆಸುಪಾಸಿನ್ಯಾಗ ಸಿಗ್ತೈತಿ. ನಾವು ಒಂದು ಕೊಡ ನೀರು ಹೊತ್ತಷ್ಟ.

ಇನ್ನ ವ್ಯಾಟಿನ ಮಾತು. ಅಂಗಡಿಯಾಂವ "200 ವ್ಯಾಟ್ ತಗೋರಿ, 100ರ ಎರಡು ಪಟ್ಟು ದನಿ" ಅಂದ. ಇಲ್ಲೇ ಮೋಸ ಹೋಗೂದು. ಮದುವ್ಯಾಗ ಸೋಬಾನದ ಪದ ಹಾಡೂ ಮುಂದ ಒಬ್ಬಾಕಿ ಹಾಡ್ತಿರ್ತಾಳ, ಇನ್ನೊಬ್ಬಾಕಿ ಬಂದು ಕೂಡ್ತಾಳ. ದನಿ ಎರಡು ಪಟ್ಟು ಅನಸ್ತೈತೇನು? ಇಲ್ಲ, ಒಂದೀಟು ತುಂಬಿದಂಗ ಅಷ್ಟ. ಎರಡು ಪಟ್ಟು ಅನಸಬೇಕಂದ್ರ ಹತ್ತು ಮಂದಿ ಕೂಡಬೇಕು. ವ್ಯಾಟಿನ ಲೆಕ್ಕಾನೂ ಹಂಗ. ವ್ಯಾಟು ಎರಡು ಪಟ್ಟು ಮಾಡಿದ್ರ ದನಿ ಏರೂದು 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಅನಸಾಕ ಸುಮಾರು 10 ಡೆಸಿಬಲ್ ಬೇಕು, ಅಂದ್ರ ವ್ಯಾಟು 10 ಪಟ್ಟು. ಅದ ಸ್ಪೀಕರ್ ಚಲೋದಿದ್ದು, ಅದರ ಕಾಗದದಾಗ ಬರದಿರೂ ಡೆಸಿಬಲ್ 3 ಹೆಚ್ಚಿದ್ರ, ವ್ಯಾಟು ಎರಡು ಪಟ್ಟು ಮಾಡಿದಷ್ಟ ಲಾಭ ಪುಕ್ಕಟ ಸಿಕ್ಕಂಗ. ಇದನ್ನ ಕೇಳಿದ ಮ್ಯಾಲೆ ಅಂಗಡಿಯಾಂವ ನನ್ನ ಕಡೆನೂ ಮಾರಿ ಮಾಡಿ ಮಾತಾಡಾಕ ಹತ್ತಿದ.

ಪೆಟ್ಟಿಗಿ ಅಳತಿ ನಮಗ ತಿಳಿಯೂದಿಲ್ಲ ಅಂತೀರಿ? ನಳದಾಗ ಕೊಡ ಹಿಡದಾಗ ತುಂಬಿದಂಗೆಲ್ಲಾ ದನಿ ಸಣ್ಣ ಆಗಿ ಮ್ಯಾಲ ಏರ್ತೈತಲ್ಲ, ನೋಡದನ ಕೊಡ ತುಂಬಿತು ಅಂತ ಅಡಗಿಮನ್ಯಾಗಿಂದನ ಹೇಳ್ತೀವಲ್ಲ? ಒಳಗ ಗಾಳಿ ಜಾಗ ಹೆಚ್ಚಿದ್ದಾಗ ಕೆಳಗಿನ ದನಿ, ಜಾಗ ಕಡಿಮಿ ಆದಂಗ ಮ್ಯಾಲಿನ ದನಿ. ತೂತು ಬಿಟ್ಟ ಬಾಸ್ ಪೆಟ್ಟಿಗಿ ಇದ ಸೂತ್ರದ ಮ್ಯಾಲೆ ನಡೀತೈತಿ. ಅದಕ್ಕ "15 ಇಂಚಿನ ಸ್ಪೀಕರ್ ಅಂದ್ರ ಕೆಳಗಿನ ದನಿ, 10 ಇಂಚು ಅಂದ್ರ ಮ್ಯಾಲಿನ ದನಿ" ಅನ್ನೂದು ಅರ್ಧ ಮಾತು. ಪೆಟ್ಟಿಗಿ ಹೊಟ್ಟಿ ಎಷ್ಟು, ತೂತು ಹೆಂಗೈತಿ, ಅದನ್ನೂ ನೋಡಬೇಕು. ಮತ್ತ ಸಾದಾ ಗಿಟಾರಿನ ಸಣ್ಣ ಡಬ್ಬಿಗೆ ಬಾಸ್ ಹಚ್ಚಿ ಜೋರು ಬಾರಿಸಿದ್ರ ಸ್ಪೀಕರ್ ಹರದು ಹೋಗ್ತೈತಿ. ಬಾಸಿಗೆ ಗಾಳಿ ಭಾಳ ಅಲುಗಾಡಿಸಬೇಕು, ಅಷ್ಟು ಹಿಂದ ಮುಂದ ಓಡಾಡಾಕ ಅದನ್ನ ಮಾಡಿರೂದಿಲ್ಲ.

ಇನ್ನೊಂದು ಮಾತು, ನೆನಪಿಟ್ಟುಕೋರಿ. ಅಂಗಡ್ಯಾಗ ಪೆಟ್ಟಿಗಿ ಮೂಲ್ಯಾಗ ಇಟ್ಟಿದ್ರು. ಮೂಲ್ಯಾಗ ಇಟ್ಟ ಪೆಟ್ಟಿಗಿಂದು ಕೆಳಗಿನ ದನಿ ಗ್ವಾಡಿಗೆ ಬಡದು ದುಪ್ಪಟ್ಟ ತೋರಸ್ತೈತಿ. ನಾನು "ಅದನ್ನ ನಡುವ ತಂದು ಇಡ್ರಿ" ಅಂದೆ. ಆಮ್ಯಾಲೆ ನಾಕು ಡಬ್ಬಿಗೂ ಮಗನ ಅದ ಬಾಸು, ಅದ ಹಾಡು. ನಾನು ಹತ್ತು ಹೆಜ್ಜಿ ದೂರ ನಿಂತು ಕಣ್ಣು ಮುಚ್ಚಿ ಕೇಳಿದೆ. ಯಾಕ ಕಣ್ಣು ಮುಚ್ಚಬೇಕಂದ್ರ, ದೊಡ್ಡದು ಕಂಡ್ರ ಕಿವೀನೂ ದೊಡ್ಡದ ಕೇಳ್ತೈತಿ. ಎರಡನೇ ಡಬ್ಬ್ಯಾಗ ಪ್ರತಿ ಪೆಟ್ಟು ಬಿಡಿ ಬಿಡಿ ಕೇಳಸ್ತಿತ್ತು, ಉಳಿದವು ಬರೇ ಗುಂಯ್ ಗುಂಯ್. ಮಗನೂ ಅದನ್ನ ಆರಿಸಿದ, ನಾನು ಹೇಳೂಕಿಂತ ಮೊದಲ.

ಹಂಗಾರ ಜಾತ್ರೀ ಸ್ಟೇಜಿಗೆ ಏನು ಮಾಡೂದು? ದೊಡ್ಡ ಸ್ಟೇಜಿನ ಮ್ಯಾಲೆ ಸೌಂಡ್ ಸರ್ವಿಸಿನವರದ್ದ ದೊಡ್ಡ ಬಾಕ್ಸ್ ಇದ್ದ ಇರ್ತಾವ. ಡಬ್ಬಿ ಹಿಂದ ಡಿಐ ಔಟ್ ಅಂತ ಒಂದು ಜಾಗ ಇರ್ತೈತಿ, ಅದರಾಗಿಂದ ಒಂದು ವೈರ್ ಅವರ ಮಿಕ್ಸರಿಗೆ ಹೋತಂದ್ರ ಮಂದಿಗೆ ಅವರ ಬಾಕ್ಸಿನ್ಯಾಗಿಂದ ಕೇಳಸ್ತೈತಿ. ನಮ್ಮ ಡಬ್ಬಿ ಬಾರಿಸಾಂವಗ, ಬಾಜೂಕ ನಿಂತವರಿಗೆ ಕೇಳಿಸಿದ್ರ ಸಾಕು. ಮನ್ಯಾಗ ಮೂವತ್ತು ಮಂದಿ ಬೀಗರು ಬಂದಾಗ ದೊಡ್ಡ ಬೋಗಾಣಿ ಬಾಡಿಗಿ ತರ್ತೀವಿ, ದಿನಾ ಅಡಗಿಗೆ ಅದನ್ನ ಕೊಂಡು ಇಡೂದಿಲ್ಲಲ್ಲ? ಹಂಗ.

ಹೆಡ್ಡು, ಪೆಟ್ಟಿಗಿ ಬ್ಯಾರೆ ಬ್ಯಾರೆ ತಗೊಂಡ್ರ ಒಂದು ಅನುಕೂಲ ಐತಿ: ಒಂದು ಕೆಟ್ರ ಇನ್ನೊಂದು ಉಳೀತೈತಿ, ಮುಂದ ಇನ್ನೊಂದು ಪೆಟ್ಟಿಗಿ ಕೂಡಿಸಬಹುದು. ಹಂಗ ತಗೊಳ್ಳಾವ್ರು 8 ಓಮಿನ ಒಂದು ಪೆಟ್ಟಿಗಿ ತಗೋರಿ, ಮುಂದ 8ರದ್ದ ಇನ್ನೊಂದು ಹಚ್ಚಿದ್ರ 4ಕ್ಕ ನಿಲ್ತೈತಿ. ನಡುವ ಹಚ್ಚೂ ವೈರೂ ಸ್ಪೀಕರಿಂದ ದಪ್ಪ ವೈರ್ ಇರಬೇಕು, ಗಿಟಾರಿಗೆ ಹಚ್ಚೂ ವೈರ್ ಅಲ್ಲ. ನೋಡಾಕ ಒಂದ ನಮೂನಿ ಕಾಣಸ್ತಾವ, ಅದನ್ನ ಹಚ್ಚಿದ್ರ ಬಿಸಿ ಆಗಿ ಕೆಡತೈತಿ. ನಮ್ಮ ರೊಕ್ಕಕ್ಕ ಕಾಂಬೋನ ಸರಿ ಅಂತ ಅದನ್ನ ಗುರತ ಮಾಡಿ ಬಂದೀವಿ: 100 ವ್ಯಾಟು, 12 ಇಂಚಿನ ಒಂದು ಸ್ಪೀಕರು, ಡಿಐ ಔಟ್, ಹೆಡ್‌ಫೋನ್ ಹಚ್ಚೂ ಜಾಗ. 2,000 ಸಂಚಗಾರ ಕೊಟ್ಟೀವಿ.

ಹೆಡ್‌ಫೋನ್ ಯಾಕಂದ್ರ ನಮ್ಮ ಓಣಿ ಸಲುವಾಗಿ. ಕೆಳಗಿನ ದನಿಗೆ ಗ್ವಾಡಿ ಲೆಕ್ಕಕ್ಕಿಲ್ಲ. ಬಾಗಲಾ ಹಾಕಿದ್ರ ಹಾಡು ನಿಲ್ತೈತಿ, ಧುಂ ಧುಂ ನಿಲ್ಲೂದಿಲ್ಲ. ಬಾಜೂಮನಿ ದೊಡ್ಡವ್ವಗ ಹೃದಯದ ಆಪರೇಷನ್ ಆಗೈತಿ. ಹಳೇ ಡಬ್ಬಿ ಇದ್ದಾಗ ಒಂದು ದಿನ ಆಕಿ ಬಂದು ಕಟ್ಟಿ ಮ್ಯಾಲೆ ಕುಂತು, "ನಿನ್ನ ಮಗ ಬಾರಿಸಿದ್ದು ನನ್ನ ಎದಿಯಾಗ ಬಡೀತೈತಿ ನೋಡವ್ವಾ" ಅಂದಿದ್ಲು. ಬೈಲಿಲ್ಲ, ಹಂಗ ಅಂದ್ಲು ಅಷ್ಟ. ಬೈದಿದ್ರ ಚಲೋ ಇತ್ತು ಅನಸ್ತು. ಕಾಯ್ದೆನೂ ಐತಿ. 2000ದ ಶಬ್ದ ಮಾಲಿನ್ಯದ ನಿಯಮದಾಗ ಮನಿಗಳಿರೂ ಜಾಗದಾಗ ಹಗಲು 55, ರಾತ್ರಿ 45 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಾಗ ಧ್ವನಿವರ್ಧಕ ಹಚ್ಚಂಗಿಲ್ಲ. ಸರ್ಕಾರ ಹಬ್ಬಕ್ಕ ಅಂತ ವರ್ಷದಾಗ ಕೆಲವು ದಿನ 12ರ ತನಕ ಬಿಡಬಹುದು, ಅದೂ 15 ದಿನದ ಮ್ಯಾಲಲ್ಲ. ಮೆರವಣಗ್ಯಾಗ ಡಾಲ್ಬಿ ಹಚ್ಚಿ ಮನಿ ಕಿಡಕಿ ನಡಗಸೂದು ನೋಡಿ ನಾವು ಬೈತೀವಿ. ಹಂಗ ಬೈಯೂ ನಾವು ನಮ್ಮ ಮನ್ಯಾಗ ಅದನ್ನ ಮಾಡಬಾರದು. ಪ್ರಾಕ್ಟೀಸಿಗೆ ಗಜೇಂದ್ರಗಡದಾಗ ಮಗ್ಗದ ಮನಿ ಬಾಜೂಕ ಒಂದು ಖೋಲಿ ನೋಡ್ಯಾರ, ಹಗಲು ಮಗ್ಗದ ಸಪ್ಪಳದಾಗ ಇವರದ್ದು ಯಾರಿಗೂ ತ್ರಾಸಿಲ್ಲ. ಮನ್ಯಾಗ ರಾತ್ರಿ ಹೆಡ್‌ಫೋನ್ ಹಾಕ್ಕೊಂಡ ಬಾರಿಸಬೇಕು. ಈ ಮಾತು ಮಗನ ಕಡಿಂದ ಆಣಿ ಮಾಡಿಸಿಕೊಂಡೀನಿ.

ಎಲ್ಲಕ್ಕಿಂತ ದೊಡ್ಡ ಮಾತು ಕರೆಂಟಿಂದು. ಬಾಸಿನ ತಂತಿ ಕಬ್ಬಿಣದವು, ಬೆರಳು ಅದರ ಮ್ಯಾಲ, ತುಟಿ ಮೈಕಿಗೆ. ಅರ್ಥಿಂಗ್ ಸರಿ ಇಲ್ಲಂದ್ರ ಶಾಕ್ ಹೊಡದು ಜೀವಾನ ಹೋಗಬಹುದು. ಗುಂಯ್ ಅನ್ನೂ ಸಪ್ಪಳ ನಿಲ್ಲಸಾಕಂತ ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಮುರಿಯೂ ಹುಡುಗರದಾರ. ಯಾವತ್ತೂ ಮುರಿಯಾಕ ಬಿಡಬ್ಯಾಡ್ರಿ. ನಮ್ಮದು ಹಳೇ ಮನಿ, ಅರ್ಥಿಂಗ್ ಇರಲಿಲ್ಲ. ಡಬ್ಬಿ ಬರೂಕಿಂತ ಮೊದಲ ಮಾಡಿಸಿದೆ. ಫ್ರಿಜ್ ಮುಟ್ಟಿದಾಗ ನನಗೂ ಒಂದೊಂದ ಸಲ ಜುಂ ಅಂತಿತ್ತು, ಈಗ ಅದೂ ನಿಂತೈತಿ.

ಒಂದು ಮಾತು ಒಪ್ಪಬೇಕು. ನಿಮ್ಮ ಮಗಗೋ ಮಗಳಿಗೋ ವರ್ಷಕ್ಕ ನಾಕ ಪ್ರೋಗ್ರಾಮ್ ಇದ್ರ ಸಾಲ ಮಾಡಿ ತರಬ್ಯಾಡ್ರಿ, ಬಾಡಿಗಿಗೆ ತರ್ರಿ. ಮೊದಲ ವರ್ಷ ಯಾರೂ ಕೊಳ್ಳಬ್ಯಾಡ್ರಿ, ಕೈ ಕುಂಡ್ರಲಿ, ನಾಕು ಊರು ತಿರಗಲಿ. ನಮ್ಮಾಂವ ಮೂರು ವರ್ಷದಿಂದ ಬಾರಸ್ತಾನ, ಈಗ ಅದರ ಯಾಳೆ ಬಂದೈತಿ. ತಿಂಗಳಿಗೆ 2,000 ರಂಗ 20 ಕಂತು, ಬಡ್ಡಿ ಬ್ಯಾರೆ. ಸೀಜನ್ ಇಲ್ಲದ ತಿಂಗಳ ಅಂವ ಕೊಡಲಿಲ್ಲಂದ್ರ ನನ್ನ ರೊಟ್ಟಿ ರೊಕ್ಕದಾಗ ತುಂಬ್ತೀನಿ. ನಿಮ್ಮ ಮ್ಯಾಲೆ ಹೊರಿ ಬರಗೊಡೂದಿಲ್ಲ.

ಬರೂ ಸೋಮವಾರ ಮೀಟಿಂಗ್ ನಮ್ಮ ಮನಿ ಪಡಸಾಲ್ಯಾಗ ಇಟ್ಟುಕೊಳ್ಳೂನು. ಮಗನ ಗೆಳ್ಯಾನ ಸಣ್ಣ ಡಬ್ಬಿ ಒಂದು ದಿನಕ್ಕ ತರಸ್ತೀನಿ. 'ಗೀತಾ' ಸಿನಿಮಾದ ಹಾಡು ಮೊದಲ ಬಾಸ್ ಇಲ್ಲದ ಬಾರಸ್ತಾರ, ಆಮ್ಯಾಲೆ ಬಾಸ್ ಕೂಡಿಸಿ ಬಾರಸ್ತಾರ. ಎರಡೂ ಕೇಳ್ರಿ. ದೊಡ್ಡವ್ವಗ ಮುಂಚೇನ ಹೇಳೀನಿ, ಸಣ್ಣಗ ಬಾರಿಸಿದ್ರ ತಾನೂ ಬರ್ತೀನಿ ಅಂದಾಳ. ಕೇಳಿದ ಮ್ಯಾಲೆ ಸಾಲ ಕೊಡೂದು ಬಿಡೂದು ನಿಮಗ ಬಿಟ್ಟಿದ್ದು. ಕೊಡಲಿಲ್ಲಂದ್ರೂ ಚಾ ಅಂತೂ ಐತಿ, ಮ್ಯಾಲೆ ಚುರಮರಿ ಒಗ್ಗರಣಿ, ಮಿರ್ಚಿ ಭಜಿ.